ಸರ್ಕಾರದ ಮಾತು ಸರ್ಕಾರದ ಹೆಸರಲ್ಲೇ ಬರಲಿ

ಕೊಡಗಿನಲ್ಲಿ ಫೇಸ್‌ಬುಕ್ ಪೇಜ್ ನಡೆಸುವ ನಮ್ಮಂಥ ಕೆಲವರ ನಡುವೆ ಒಂದು ವಾದ ನಡೀತಾನೇ ಇದೆ. ಯುದ್ಧದಂಥ ಸಮಯದಲ್ಲಿ ಸರ್ಕಾರದ ಕಡೆಯಿಂದ ಬಂದದ್ದನ್ನು ನಮ್ಮ ಪೇಜಿಗೆ ಹಾಕಬೇಕಾ ಬೇಡವಾ ಅಂತ. ಹಾಕದಿದ್ದರೆ ದೇಶದ್ರೋಹ ಅನ್ನುವವರು ಒಂದು ಕಡೆ. ಹಾಕಿದರೆ ಚಮಚಾಗಿರಿ ಅನ್ನುವವರು ಇನ್ನೊಂದು ಕಡೆ. ನಾನು ಹೇಳೋದು ಇಷ್ಟು: ಹಾಕೋಣ, ಧಾರಾಳವಾಗಿ ಹಾಕೋಣ. ಆದರೆ ಇದು ಸರ್ಕಾರದ ಮಾತು ಅಂತ ಮೊದಲ ಸಾಲಿನಲ್ಲೇ ಬರೆದು ಹಾಕೋಣ. ನಮ್ಮದೇ ಮಾತು ಅನ್ನೋ ಹಾಗೆ ವೇಷ ಹಾಕಿಸಿ ಬಿಡೋದು ಬೇಡ.

ಇಷ್ಟು ಹೇಳಿದರೆ ಗೆಳೆಯರಿಗೆ ಸಾಕಾಗಲಿಲ್ಲ. ಹಾಗಾಗಿ ಉದ್ದಕ್ಕೆ ಬರೀತಿದ್ದೇನೆ. ಪುರುಸೊತ್ತಿದ್ದವರು ಓದಿ.

ಸರ್ಕಾರಗಳು ಬ್ಲಾಗರ್‌ಗಳನ್ನು ಹುಡುಕಿಕೊಂಡು ಹೋಗೋದು ಈಗ ಶುರುವಾದದ್ದಲ್ಲ. ಇರಾಕ್ ಯುದ್ಧದ ಹೊತ್ತಿಗೇ ಅಮೆರಿಕದವರಿಗೆ ಗೊತ್ತಾಗಿತ್ತು, ಇಂಟರ್ನೆಟ್‌ನಲ್ಲಿ ತಮ್ಮ ಹಾಗೇ ಇರುವ ಒಬ್ಬ ಬರೆದದ್ದನ್ನು ಜನ ಬೇಗ ನಂಬುತ್ತಾರೆ ಅಂತ. 2007ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ, ಅಂದರೆ ಪೆಂಟಗನ್, 'ಬ್ಲಾಗರ್ಸ್ ರೌಂಡ್‌ಟೇಬಲ್' ಶುರು ಮಾಡಿತು. ಯುದ್ಧಭೂಮಿಯಲ್ಲಿದ್ದ ಅಧಿಕಾರಿಗಳು ಫೋನ್ ಲೈನಿಗೆ ಬರುತ್ತಿದ್ದರು, ಬ್ಲಾಗರ್‌ಗಳು ನೇರವಾಗಿ ಪ್ರಶ್ನೆ ಕೇಳುತ್ತಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಬುಷ್ ಅವರು ಸೇನೆಯ ಬಗ್ಗೆ ಬರೆಯುವ ಬ್ಲಾಗರ್‌ಗಳನ್ನು ಶ್ವೇತಭವನಕ್ಕೇ ಕರೆಸಿಕೊಂಡರು.

ನನಗೆ ಇದಕ್ಕಿಂತ ಹಿಡಿಸಿದ್ದು ಅಲ್ಲಿನ ವಿದೇಶಾಂಗ ಇಲಾಖೆಯ ಒಂದು ಸಣ್ಣ ತಂಡ. 2006ರಲ್ಲಿ ಕಟ್ಟಿದ್ದು, ಹೆಸರು ಡಿಜಿಟಲ್ ಔಟ್‌ರೀಚ್ ಟೀಮ್. ಕೆಲಸ ಏನಪ್ಪಾ ಅಂದರೆ ಅರಬ್ಬಿಯಲ್ಲಿ, ಆಮೇಲೆ ಪರ್ಷಿಯನ್, ಉರ್ದುವಿನಲ್ಲೂ ಜನ ಅಮೆರಿಕವನ್ನು ಬೈತಾ ಕೂತಿರುವ ಕಡೆಗೇ ಹೋಗಿ ಉತ್ತರ ಕೊಡೋದು. ಆದರೆ ತಾವು ಅಮೆರಿಕದ ವಿದೇಶಾಂಗ ಇಲಾಖೆಯವರು ಅಂತ ಹೇಳಿಕೊಂಡೇ ಬರೆಯಬೇಕು. ಬೈಗುಳ ಸರಿಯಾಗಿಯೇ ಬಿತ್ತು ಅನ್ನಿ. ಇರಾಕ್‌ನಲ್ಲಿ ಅಷ್ಟೆಲ್ಲಾ ಮಾಡಿಟ್ಟು ಮಾತಿನಲ್ಲಿ ಸರಿಮಾಡುತ್ತೇವೆ ಅಂದರೆ ಯಾರು ಕೇಳ್ತಾರೆ? ಆದರೂ ಆ ಯುದ್ಧದ ಪ್ರಚಾರದಲ್ಲೆಲ್ಲಾ ನನಗೆ ಮರ್ಯಾದೆಯ ಕೆಲಸ ಅನಿಸಿದ್ದು ಇದೇ. ಎದುರಿಗೆ ಕೂತವನಿಗೆ ತಾನು ಯಾರ ಜೊತೆ ಜಗಳ ಆಡ್ತಿದ್ದೇನೆ ಅಂತ ಗೊತ್ತಿತ್ತು.

ಇದರ ಪಕ್ಕದಲ್ಲೇ ಇನ್ನೊಂದು ನಡೀತಿತ್ತು. ಅಮೆರಿಕದ ಟಿವಿಗಳಲ್ಲಿ ನಿವೃತ್ತ ಸೇನಾಧಿಕಾರಿಗಳು 'ಮಿಲಿಟರಿ ವಿಶ್ಲೇಷಕರು' ಅಂತ ಕೂತು ಇರಾಕ್ ಯುದ್ಧದ ಬಗ್ಗೆ ಮಾತಾಡುತ್ತಿದ್ದರು. ನೋಡುವವರಿಗೆ ಅದು ಅವರ ಸ್ವಂತ ಅಭಿಪ್ರಾಯ. ಪೆಂಟಗನ್ ಅವರನ್ನು ಕರೆಸಿ, ಇರಾಕ್‌ಗೆ ಸುತ್ತಾಡಿಸಿ, ಏನು ಹೇಳಬೇಕು ಅಂತ ಅಂಶಗಳನ್ನು ಕೊಟ್ಟು ಕಳಿಸುತ್ತಿತ್ತು. ಅವರಲ್ಲಿ ಕೆಲವರಿಗೆ ರಕ್ಷಣಾ ಗುತ್ತಿಗೆ ಕಂಪನಿಗಳ ಜೊತೆ ವ್ಯವಹಾರವೂ ಇತ್ತು. 2008ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಹೊರಗೆ ಹಾಕಿತು, ಮರುವರ್ಷ ಆ ವರದಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ನಿಯಮ ಮೀರಿಲ್ಲ ಅಂತ ಪೆಂಟಗನ್‌ನ ಒಳಗಿನ ತನಿಖೆ ಆಮೇಲೆ ಹೇಳಿತು. ನಿಯಮದ ಪ್ರಕಾರ ಸರಿಯೇ ಇರಬಹುದು. ಮನೆಯಲ್ಲಿ ಕೂತು ಟಿವಿ ನೋಡಿದವನಿಗೆ ಮೋಸ ಆದದ್ದಂತೂ ಹೌದಲ್ವಾ?

ಕೊಡಗಿನವರಿಗೆ ಈ ವಿಷಯ ಸ್ವಲ್ಪ ಜಾಸ್ತಿಯೇ ತಟ್ಟಬೇಕು. ನಮ್ಮಲ್ಲಿ ನಿವೃತ್ತ ಅಧಿಕಾರಿಗಳಿಗೇನು ಬರವಾ? ಮದುವೆ ಮನೆಗೆ ಹೋದರೆ ಒಂದು ಸಾಲಿನಲ್ಲಿ ಕರ್ನಲ್‌ಗಳೇ ಕೂತಿರುತ್ತಾರೆ. ಅವರು ಒಂದು ಮಾತು ಹೇಳಿದರೆ ಊರು ತಲೆಯಾಡಿಸುತ್ತದೆ. ಆ ನಂಬಿಕೆ ಅವರು ಸರ್ವಿಸ್‌ನಲ್ಲಿ ದುಡಿದು ಗಳಿಸಿದ್ದು. ಯಾರೋ ಬರೆದುಕೊಟ್ಟ ಸಾಲನ್ನು ಅವರ ಬಾಯಲ್ಲಿ ಹೇಳಿಸಿದರೆ ಖರ್ಚಾಗುವುದು ಅವರ ಗಳಿಕೆ, ಬರೆದುಕೊಟ್ಟವನದ್ದಲ್ಲ.

ಸಣ್ಣ ಮಟ್ಟದಲ್ಲಿ ನನಗೂ ಇದರ ಅನುಭವ ಇದೆ. ನಮ್ಮ ಪೇಜಿನಲ್ಲಿ ಇರೋದು ಏನು? ಇವತ್ತು ಎಲ್ಲಿ ಎಷ್ಟು ಇಂಚು ಎಷ್ಟು ಸೆಂಟ್ ಮಳೆ, ಕಾಫಿ ರೋಬಸ್ಟಾ ಚೆರಿ ಚೀಲಕ್ಕೆ ಎಷ್ಟು, ಯಾವ ರಸ್ತೆಗೆ ಮರ ಬಿದ್ದಿದೆ, ಆನೆ ಯಾವ ತೋಟದಲ್ಲಿದೆ. ಆನೆ ದಾಟ್ತಿದೆ ಅಂತ ಹಾಕಿದರೆ ಜನ ನಿಜವಾಗಿಯೂ ಸ್ಕೂಟರ್ ನಿಲ್ಲಿಸುತ್ತಾರೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ವಿರುದ್ಧ ಆಪರೇಷನ್ ಸಿಂಧೂರ ಶುರುವಾದ ಮೇಲೆ ಒಂದು ಸಂಜೆ ಯಾವುದೋ ಪ್ರಚಾರ ಏಜೆನ್ಸಿಯಿಂದ ವಾಟ್ಸ್‌ಆ್ಯಪ್ ಬಂತು. ರೆಡಿ ಮಾಡಿದ ಬರಹಗಳು, ಜೊತೆಗೆ ಚಿತ್ರ, ಹ್ಯಾಶ್‌ಟ್ಯಾಗ್, ಹಾಕಬೇಕಾದ ಸಮಯ. ಕೆಳಗೆ ಸೂಚನೆ: ನಿಮ್ಮದೇ ಮಾತಿನ ಹಾಗೆ ಸ್ವಲ್ಪ ಬದಲಾಯಿಸಿಕೊಳ್ಳಿ, ನಮ್ಮ ಹೆಸರು ಬೇಡ. 'ಕೊಡಗಿನ ಸೈನಿಕ ಕುಟುಂಬದಿಂದ ಬಂದ ನಾನು' ಅಂತ ಶುರುವಾಗುವ ಒಂದು ಬರಹವೂ ಅದರಲ್ಲಿತ್ತು. ಯಾರ ಪರವಾಗಿ ಇದು, ದುಡ್ಡು ಯಾರದ್ದು ಅಂತ ಕೇಳಿದೆ. ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ.

ಸರ್ಕಾರದ್ದೋ, ಪಕ್ಷದ್ದೋ, ಸುಮ್ನೆ ಹೆಸರು ಮಾಡಿಕೊಳ್ಳಲು ಹೊರಟ ಯಾರದ್ದೋ ನನಗೆ ತಿಳಿಯದು. ತಿಳಿಯದ ಹಾಗೆ ಕಳಿಸಿದ್ದೇ ನನ್ನ ತಕರಾರು. ಸೋಪಿನ ಬಗ್ಗೆ ದುಡ್ಡು ತಗೊಂಡು ಬರೆದರೆ 'ಜಾಹೀರಾತು' ಅಂತ ನಮೂದಿಸಬೇಕು ಎಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ಹೇಳಿದೆ. ನಮ್ಮ ರಾಜ್ಯ ಸರ್ಕಾರವೂ 2024ರಲ್ಲಿ ಡಿಜಿಟಲ್ ಜಾಹೀರಾತಿಗೆ ಅಂತಲೇ ಮಾರ್ಗಸೂಚಿ ಮಾಡಿಕೊಂಡಿದೆ. ಸೋಪಿಗೆ ಬೇಕಾದ ಪ್ರಾಮಾಣಿಕತೆ ಯುದ್ಧಕ್ಕೆ ಬೇಡ್ವಾ?

ಇನ್ನು ಹೊರಗಿನ ಉದಾಹರಣೆಗಳು. 2022ರ ಮಾರ್ಚ್ 10ರಂದು, ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿ ಎರಡು ವಾರ ಆಗಿತ್ತು, ಶ್ವೇತಭವನದವರು ಸುಮಾರು 30 ಟಿಕ್‌ಟಾಕ್ ಹುಡುಗ ಹುಡುಗಿಯರನ್ನು ಜೂಮ್‌ನಲ್ಲಿ ಕೂರಿಸಿ ಯುದ್ಧದ ವಿಷಯ ವಿವರಿಸಿದರು. ಆಗ ಜನ ನಕ್ಕರು. ನನಗೆ ನಗುವಂಥದ್ದು ಕಾಣಲಿಲ್ಲ. ಸಭೆ ನಡೆದದ್ದು ಪತ್ರಿಕೆಯಲ್ಲಿ ಬಂತು, ಯಾರು ಮಾತಾಡಿದರು ಅಂತ ಗೊತ್ತಾಯಿತು. ಅಷ್ಟರ ಮಟ್ಟಿಗೆ ಸರಿ. ಉಕ್ರೇನ್ ಕಡೆಯಲ್ಲೂ ಎಲ್ಲ ಚೊಕ್ಕ ಇತ್ತು ಅಂತಲ್ಲ. 'ಕೀವ್‌ನ ಭೂತ' ಅಂತ ಒಬ್ಬನೇ ಪೈಲಟ್ ರಷ್ಯಾದ ವಿಮಾನಗಳನ್ನು ಸಾಲಾಗಿ ಬೀಳಿಸಿದ ಕಥೆ ಲೋಕವೆಲ್ಲಾ ಸುತ್ತಿತು. ಏಪ್ರಿಲ್ ಕೊನೆಗೆ ಅವರದೇ ವಾಯುಪಡೆ, ಅಂಥ ವ್ಯಕ್ತಿ ಇಲ್ಲ, ಅದು ಜನ ಕಟ್ಟಿದ ವೀರ ಅಂತ ಒಪ್ಪಿಕೊಂಡಿತು.

ರಷ್ಯಾದಲ್ಲಿ ಬೇರೆ ಥರ. 2023ರ ಜೂನ್ 13ರಂದು ಪುಟಿನ್ ಯುದ್ಧ ವರದಿಗಾರರನ್ನೂ ಬ್ಲಾಗರ್‌ಗಳನ್ನೂ ಕ್ರೆಮ್ಲಿನ್‌ನಲ್ಲಿ ಕೂರಿಸಿಕೊಂಡು ಗಂಟೆಗಟ್ಟಲೆ ಮಾತಾಡಿದರು. ಕೆಲವು ಪ್ರಶ್ನೆಗಳು ಖಾರವಾಗಿಯೇ ಇದ್ದವು. ಮರುತಿಂಗಳೇ ಇಗೋರ್ ಗಿರ್ಕಿನ್ ಅನ್ನೋ ಬ್ಲಾಗರ್ ಅರೆಸ್ಟ್ ಆದ. ಯುದ್ಧದ ಪರವಾಗಿಯೇ ಇದ್ದುಕೊಂಡು, ಯುದ್ಧ ನಡೆಸುವ ರೀತಿಗೆ ಪುಟಿನ್‌ರನ್ನು ಬೈತಿದ್ದವನು ಅವನು. 2024ರ ಜನವರಿಯಲ್ಲಿ ನಾಲ್ಕು ವರ್ಷ ಶಿಕ್ಷೆ. ಅವನೇನು ಸಂತನಲ್ಲ, ಮಲೇಷ್ಯಾದ ಪ್ರಯಾಣಿಕ ವಿಮಾನ ಉರುಳಿಸಿದ ಪ್ರಕರಣದಲ್ಲಿ ನೆದರ್‌ಲ್ಯಾಂಡ್ಸ್ ಕೋರ್ಟ್ ಅವನಿಗೆ ಜೀವಾವಧಿ ಕೊಟ್ಟಿತ್ತು. ಆದರೆ ಈ ಸಲ ಜೈಲಿಗೆ ಹಾಕಿದ್ದು ಅದಕ್ಕಲ್ಲ, ಬರೆದದ್ದಕ್ಕೆ.

ಇಸ್ರೇಲ್‌ದು ಇನ್ನೂ ಹಿಂದಿನದು. 2008ರ ಡಿಸೆಂಬರ್ ಕೊನೆಗೆ ಗಾಜಾ ಮೇಲೆ ದಾಳಿ ಶುರುವಾದ ಎರಡೇ ದಿನಕ್ಕೆ ಅವರ ಸೇನೆ ಯೂಟ್ಯೂಬ್ ಚಾನೆಲ್ ತೆರೆಯಿತು. ಡಿಸೆಂಬರ್ 30ರಂದು ನ್ಯೂಯಾರ್ಕ್‌ನ ಇಸ್ರೇಲಿ ಕಾನ್ಸುಲೇಟ್ ಟ್ವಿಟರ್‌ನಲ್ಲೇ ಪತ್ರಿಕಾಗೋಷ್ಠಿ ಮಾಡಿತು. ಒಂದು ಉತ್ತರ 140 ಅಕ್ಷರ ಮೀರುವಂತಿಲ್ಲ. ಪ್ಯಾಲೆಸ್ಟೀನ್ ಸಮಸ್ಯೆಯನ್ನು 140 ಅಕ್ಷರದಲ್ಲಿ! ಇಷ್ಟೆಲ್ಲಾ ಕಿಟಕಿ ತೆರೆದವರು ಅದೇ ಹೊತ್ತಿನಲ್ಲಿ ವಿದೇಶಿ ವರದಿಗಾರರು ಗಾಜಾದೊಳಗೆ ಕಾಲಿಡದಂತೆ ಬಾಗಿಲು ಹಾಕಿದ್ದರು. ಸರ್ಕಾರ ಬ್ಲಾಗರ್‌ಗಳ ಹತ್ತಿರ ನಗುನಗುತ್ತಾ ಬಂದಾಗ ನಾನು ಮೊದಲು ನೋಡೋದು ಇದನ್ನೇ. ನಮ್ಮನ್ನು ಕರೀತಿದ್ದಾರೆ ಸರಿ, ಯಾರನ್ನು ಹೊರಗೆ ನಿಲ್ಲಿಸಿದ್ದಾರೆ?

ಈಗ ನಮ್ಮ 2025ರ ಮೇ ತಿಂಗಳಿಗೆ ಬರೋಣ.

ನನ್ನ ಲೆಕ್ಕದಲ್ಲಿ ಆಗ ಭಾರತ ಮಾಡಿದ ಒಳ್ಳೇ ಕೆಲಸ ಅಂದರೆ 7ನೇ ತಾರೀಕಿನ ಬೆಳಗಿನ ಬ್ರೀಫಿಂಗ್. ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ, ಕರ್ನಲ್ ಸೋಫಿಯಾ ಖುರೇಷಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ರಾತ್ರಿ 1.05ರಿಂದ 1.30ರವರೆಗೆ, ಒಂಬತ್ತು ಕಡೆ ದಾಳಿ, ಇಂಥಿಂಥ ಜಾಗ. ಅಬ್ಬರ ಇಲ್ಲ, ಹೂಂಕಾರ ಇಲ್ಲ. ಹೇಳುವವರ ಮುಖ ಕಾಣ್ತಿತ್ತು, ಹೆಸರು ಗೊತ್ತಿತ್ತು. ನಾಳೆ ಅದು ಸುಳ್ಳಾದರೆ ಯಾರನ್ನು ಕೇಳಬೇಕು ಅಂತಲೂ ಗೊತ್ತಿತ್ತು. ಅದನ್ನು ನಾನು ಇದ್ದ ಹಾಗೇ ಕನ್ನಡಕ್ಕೆ ತಂದು ಹಾಕಿದೆ, ಮೇಲೆ 'ಸರ್ಕಾರದ ಹೇಳಿಕೆ' ಅಂತ ಬರೆದು.

ಮರುದಿನ ರಾತ್ರಿ ಎಲ್ಲಾ ಹಾಳಾಯಿತು. 8ನೇ ತಾರೀಕಿನ ರಾತ್ರಿ ಹಲವು ಟಿವಿ ಚಾನೆಲ್‌ಗಳಲ್ಲಿ ಕರಾಚಿ ಬಂದರು ಧ್ವಂಸ, ನೌಕಾಪಡೆ ನುಗ್ಗಿತು ಅಂತ ಕೂಗಾಟ. ಯಾವುದೂ ಆಗಿರಲಿಲ್ಲ. ನಾನಾಗ ಪೊನ್ನಂಪೇಟೆ ಕಡೆಯ ಸಂಬಂಧಿಕರ ಮನೆಯಲ್ಲಿದ್ದೆ. ಮಳೆ ಬಂದು ಕರೆಂಟ್ ಹೋಗಿತ್ತು, ಇನ್ವರ್ಟರ್‌ನಲ್ಲಿ ಟಿವಿ ಓಡ್ತಿತ್ತು. ಆ ಮನೆಯ ಅತ್ತೆಯ ಮಗ ಜಮ್ಮು ಕಡೆ ಪೋಸ್ಟಿಂಗ್‌ನಲ್ಲಿದ್ದಾನೆ. ಫೋನ್ ಸಿಗುತ್ತಿರಲಿಲ್ಲ. ಟಿವಿಯವರು ಸುದ್ದಿ ನಡುವೆ ಸೈರನ್ ಹಾಕುತ್ತಿದ್ದರು. ಸೈರನ್ ಬಂದಾಗಲೆಲ್ಲ ಅತ್ತೆ ಅಡುಗೆಮನೆಯಿಂದ ಎದ್ದು ಬಂದು ನಿಲ್ಲುತ್ತಿದ್ದರು, ಏನೂ ಕೇಳದೆ ವಾಪಸ್ ಹೋಗುತ್ತಿದ್ದರು. ಸುದ್ದಿಯಲ್ಲಿ ಸೈರನ್ ಬಳಸಬೇಡಿ ಅಂತ ಸರ್ಕಾರ ಚಾನೆಲ್‌ಗಳಿಗೆ ಹೇಳಿದ್ದು ಅದಾದ ಮೇಲೆ.

ಅಷ್ಟರಲ್ಲಿ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ವಿಡಿಯೋ. ರಾತ್ರಿ ಆಕಾಶ, ಕೆಳಗಿಂದ ಗುಂಡಿನ ಸುರಿಮಳೆ, ಮೇಲೆ ವಿಮಾನ ಸಿಡಿಯೋದು. ಬರೆದದ್ದು: 'ನಮ್ಮ ಸೈನ್ಯದ ಪ್ರತಾಪ, ಎಲ್ಲರಿಗೂ ಕಳಿಸಿ.' ಪಕ್ಕದಲ್ಲಿ ಕೂತಿದ್ದ ಮಾವ ಆರ್ಟಿಲರಿಯಲ್ಲಿ ಸುಬೇದಾರ್ ಆಗಿದ್ದವರು. ಫೋನನ್ನು ಕನ್ನಡಕದ ಹತ್ತಿರ ಹಿಡಿದು ಎರಡು ಸಲ ನೋಡಿದರು. "ಇಷ್ಟು ಹೊಡೀತಿದೆ, ಬ್ಯಾರಲ್ ಅಲ್ಲಾಡ್ತಾ ಇದೆಯಾ ನೋಡು. ಧೂಳು ಏಳ್ತಾ ಇದೆಯಾ? ಇದು ಮಕ್ಕಳು ಆಡೋ ಗೇಮು" ಅಂದರು. ಹೌದು, ಕಂಪ್ಯೂಟರ್ ಗೇಮಿನ ದೃಶ್ಯಗಳನ್ನು ಯುದ್ಧದ ವಿಡಿಯೋ ಅಂತ ಹಂಚಿದ್ದು ಆ ದಿನಗಳಲ್ಲಿ ಎಷ್ಟೋ. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್‌ನವರಿಗೆ ಅದೇ ಒಂದು ಕೆಲಸವಾಗಿತ್ತು. ಎರಡೂ ದೇಶದವರೂ ಒಂದೇ ಥರದ ಗೇಮಿನ ವಿಡಿಯೋ ಹಾಕಿಕೊಂಡು ತಾವೇ ಗೆದ್ದೆವು ಅಂತಿದ್ದರು.

ಜನರ ಮನೋಬಲ ಹೆಚ್ಚಿಸೋಕೆ ಸ್ವಲ್ಪ ಉಪ್ಪು ಖಾರ ಬೇಕು ಅನ್ನುವವರಿಗೆ ನಾನು ಆ ಮನೆಯನ್ನೇ ತೋರಿಸುತ್ತೇನೆ. ಅಂಥ ಮನೆಗೆ ಬೇಕಾದದ್ದು ಮನೋಬಲ ಅಲ್ಲ, ಸುದ್ದಿ. ಅದೂ ಸರಿಯಾದ ಸುದ್ದಿ. ನಮ್ಮ ಕಡೆಯವರು ಸುಮ್ಮನಿದ್ದರೆ ಜನ ವೈರಿಯ ಬಾಯಿಂದಾದರೂ ಕೇಳಿಸಿಕೊಳ್ಳುತ್ತಾರೆ. 1965ರ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ನಮ್ಮ ಸೇನೆಯ ಮುಖ್ಯಸ್ಥರಾಗಿದ್ದ ಕಾರ್ಯಪ್ಪನವರ ಮಗನ ವಿಮಾನ ಬಿದ್ದು ಅವರು ಸೆರೆಯಾದಾಗ ಅದನ್ನು ಮೊದಲು ಹೇಳಿದ್ದು ರೇಡಿಯೋ ಪಾಕಿಸ್ತಾನ್. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಬಿಡಿಸಿಕೊಡುತ್ತೇನೆ ಅಂದದ್ದು, ಕಾರ್ಯಪ್ಪ ಒಲ್ಲೆ ಅಂದದ್ದು ನಮ್ಮೂರ ಮಕ್ಕಳಿಗೂ ಬಾಯಿಪಾಠ. ರೇಡಿಯೋದ ಸಂಗತಿ ಯಾರೂ ಎತ್ತುವುದಿಲ್ಲ. ಅದೂ ಪ್ರಚಾರವೇ. ಆದರೆ ನಿಜವಿತ್ತು, ಹಾಗಾಗಿ ಕೆಲಸ ಮಾಡಿತು.

ನಿಜ ಮುಚ್ಚಿಟ್ಟರೆ ಏನಾಗುತ್ತದೆ ಅನ್ನೋದಕ್ಕೂ ಅದೇ ಯುದ್ಧದಲ್ಲಿ ನಮ್ಮದೇ ಉದಾಹರಣೆ ಇದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವನ್ನು ದಿನಾ ದಾಟುತ್ತೇವೆ. 1965ರ ಸೆಪ್ಟೆಂಬರ್ 7ರಂದು ಪಂಜಾಬಿನ ಆದಂಪುರದಿಂದ ನಮ್ಮ ವಾಯುಪಡೆಯ ಮಿಸ್ಟೀರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಸ್ಟ್ಯಾಂಡ್‌ಬೈ ಇದ್ದವರು, ಒಂದು ವಿಮಾನ ಹಿಂದೆ ಉಳಿದಾಗ ಸೇರಿಕೊಂಡರು. ಅಲ್ಲಿ ಅವರಿಗೆ ಎದುರಾದದ್ದು ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ, ಆ ಕಾಲದ ದೊಡ್ಡ ಹೆಸರಿನ ವಿಮಾನ. ಮಿಸ್ಟೀರ್ ಅದರ ಮುಂದೆ ನಿಧಾನದ್ದು. ಏಟು ತಿಂದ ವಿಮಾನವನ್ನೇ ತಿರುಗಿಸಿ ದೇವಯ್ಯ ಹೊಡೆದರು, ಸ್ಟಾರ್‌ಫೈಟರ್ ಬಿತ್ತು. ಅದರ ಪೈಲಟ್ ಅಮ್ಜದ್ ಹುಸೇನ್ ಹಾರಿ ಬದುಕಿಕೊಂಡರು. ದೇವಯ್ಯ ವಾಪಸ್ ಬರಲಿಲ್ಲ.

ನಮ್ಮ ದಾಖಲೆಯಲ್ಲಿ ಅವರು ಬರೀ 'ಕಾಣೆಯಾದವರು'. ಅವರು ಏನು ಮಾಡಿದರು ಅಂತ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು 1979ರಲ್ಲಿ. ಜಾನ್ ಫ್ರಿಕರ್ ಅಂತ ಒಬ್ಬ ಬ್ರಿಟಿಷ್ ಬರಹಗಾರ ಆ ವಾಯುಯುದ್ಧದ ಪುಸ್ತಕ ಬರೆದ. ಬರೆಸಿದ್ದು ಯಾರು? ಪಾಕಿಸ್ತಾನದ ವಾಯುಪಡೆ! ತಮ್ಮ ಸಾಹಸ ಲೋಕಕ್ಕೆ ತಿಳಿಯಲಿ ಅಂತ ಹೊರಗಿನವನನ್ನು ಕರೆಸಿ, ವಿವರ ಕೊಟ್ಟು ಬರೆಸಿದ್ದು. ಈಗಿನ ಕಾಲಕ್ಕೆ ಹೇಳಬೇಕಾದರೆ ಇನ್‌ಫ್ಲುಯೆನ್ಸರ್ ಕರೆಸಿದ ಹಾಗೆಯೇ. ಅವನು ಸ್ಟಾರ್‌ಫೈಟರ್ ಬಿದ್ದದ್ದನ್ನೂ ಬರೆದ, ಮಿಸ್ಟೀರ್ ಜೊತೆಗಿನ ಕಾಳಗದಲ್ಲಿ ಬಿತ್ತು ಅಂತಲೂ ಬರೆದ. ನಮ್ಮವರು ಅದನ್ನು ಓದಿ, ಲೆಕ್ಕ ಹಾಕಿ, ಇದು ದೇವಯ್ಯನವರೇ ಅಂತ ಗುರುತಿಸಿದರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. ಅವರ ಹೆಂಡತಿ ಅದನ್ನು ತೆಗೆದುಕೊಳ್ಳುವ ಹೊತ್ತಿಗೆ ಗಂಡ ಹೋಗಿ 23 ವರ್ಷ ಆಗಿತ್ತು.

ಫ್ರಿಕರ್ ಪಾಕಿಸ್ತಾನದ ಕಡೆಗೇ ವಾಲಿದ್ದ ಅಂತ ಹೇಳುವವರಿದ್ದಾರೆ. ಇರಲಿ. ಕರೆಸಿದವರ ಊಟ ಮಾಡಿಯೂ ಕರೆಸಿದವರ ನಷ್ಟವನ್ನು ಬಿಡದೆ ಬರೆದ ಅನ್ನೋದು ನನಗೆ ಮುಖ್ಯ. ಆ ಒಂದು ವಿವರವನ್ನು 'ನಮ್ಮ ಮಾನ ಹೋಗುತ್ತೆ, ತೆಗೀರಿ' ಅಂತ ಯಾರಾದರೂ ಹೇಳಿದ್ದರೆ, ಅವನು ತೆಗೆದಿದ್ದರೆ, ಇವತ್ತು ಮಡಿಕೇರಿಯಲ್ಲಿ ಆ ವೃತ್ತ ಇರುತ್ತಿರಲಿಲ್ಲ. ಸರ್ಕಾರ ಕರೆದಾಗ ಹೋಗಿ, ಬ್ರೀಫಿಂಗ್ ಕೇಳಿ, ಗಡಿ ತೋರಿಸಿದರೆ ನೋಡಿ. ಬೇಡ ಅಂತ ನಾನು ಹೇಳಲ್ಲ. ವಾಪಸ್ ಬಂದು ಕಂಡದ್ದೆಲ್ಲಾ ಬರೆಯಬಹುದಾ ಅಂತ ಹೋಗುವ ಮೊದಲೇ ಕೇಳಿಕೊಳ್ಳಿ.

ಈ ದೃಷ್ಟಿಯಿಂದ ನೋಡಿದರೆ ಮೇ ತಿಂಗಳಲ್ಲಿ ನಮ್ಮ ಸರ್ಕಾರ ಒಂದು ಕಡೆ ನನಗೆ ಬೇಸರ ತಂದಿತು. ನಮ್ಮ ವಿಮಾನ ಬಿದ್ದಿವೆಯಾ ಅನ್ನೋ ಪ್ರಶ್ನೆಗೆ 11ನೇ ತಾರೀಕು ಏರ್ ಮಾರ್ಷಲ್ ಎ.ಕೆ. ಭಾರ್ತಿ, ಕಾದಾಟ ಅಂದರೆ ನಷ್ಟವೂ ಇರುತ್ತದೆ ಅನ್ನುವಷ್ಟಕ್ಕೆ ನಿಲ್ಲಿಸಿದರು. ಆಗ ಕಾದಾಟದ ಬಿಸಿ ಆರಿರಲಿಲ್ಲ, ಅದು ಅರ್ಥವಾಗುತ್ತದೆ. ಆದರೆ ವಿಮಾನ ಕಳೆದುಕೊಂಡದ್ದು ಹೌದು ಅಂತ ಸೇನಾಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಹೇಳಿದ್ದು ಮೇ 31ಕ್ಕೆ, ಸಿಂಗಾಪುರದಲ್ಲಿ, ವಿದೇಶಿ ಸುದ್ದಿಸಂಸ್ಥೆಗಳ ಮುಂದೆ. ನಮ್ಮ ಜನಕ್ಕೆ ದಿಲ್ಲಿಯಲ್ಲಿ ಕೂತು ಹೇಳಿದ್ದರೆ ಏನು ಕೊರತೆ ಆಗುತ್ತಿತ್ತು? ಸೈನ್ಯಕ್ಕೆ ಮಕ್ಕಳನ್ನು ಕಳಿಸುವ ಊರುಗಳಿಗೆ ನಷ್ಟದ ಮಾತು ಕೇಳುವ ಶಕ್ತಿ ಇಲ್ಲವಾ? ಇನ್ನೊಂದು, ಆ ದಿನಗಳಲ್ಲೇ 8,000ಕ್ಕೂ ಹೆಚ್ಚು ಖಾತೆಗಳನ್ನು ಮುಚ್ಚಲು ಭಾರತ ಸರ್ಕಾರ ಆದೇಶ ಕೊಟ್ಟಿದೆ ಅಂತ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಹೇಳಿತು. ಅದರಲ್ಲಿ ವೈರಿ ದೇಶದ ಸುಳ್ಳುಗಾರರೂ ಇದ್ದಾರು. ಹೆಚ್ಚಿನವಕ್ಕೆ ಕಾರಣವನ್ನೇ ತಿಳಿಸಿಲ್ಲ ಅಂತಲೂ ಕಂಪನಿ ಹೇಳಿತ್ತು. ಕರಾಚಿಯನ್ನು ಟಿವಿಯಲ್ಲಿ ಮುಳುಗಿಸಿದವರಿಗೆ ಮಾತ್ರ ಏನೂ ಆದ ಹಾಗೆ ಕಾಣಲಿಲ್ಲ.

ಗೆಳೆಯರ ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. 'ಸರ್ಕಾರದ ಹೇಳಿಕೆ' ಅಂತ ಮೇಲೆ ಬರೆದರೆ ಯಾರೂ ನಂಬಲ್ಲ, ಪ್ರಚಾರಕ್ಕೆ ಅರ್ಥವೇ ಇರಲ್ಲ ಅಂತ. ಇರಬಹುದು. ಹೆಸರು ಹೇಳಿ, ಎದುರಿಗೆ ಕೂತು ಮನವೊಲಿಸೋದು ಕಷ್ಟ ಅನ್ನೋದಕ್ಕೆ ಸಾಕ್ಷಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೇ. ಕೊರಿಯಾ ಯುದ್ಧ ಮುಗಿದ ಮೇಲೆ, 1953ರಲ್ಲಿ, ಊರಿಗೆ ವಾಪಸ್ ಹೋಗಲ್ಲ ಅಂತ ಕೂತಿದ್ದ 22 ಸಾವಿರಕ್ಕೂ ಹೆಚ್ಚು ಚೀನೀ, ಉತ್ತರ ಕೊರಿಯನ್ ಕೈದಿಗಳ ವಿಷಯ ನೋಡಿಕೊಂಡ ತಟಸ್ಥ ದೇಶಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಆಯಾ ದೇಶದ ಪ್ರತಿನಿಧಿಗಳು ಟೆಂಟ್‌ನಲ್ಲಿ ಕೂತು, ಆಯೋಗದವರ ಎದುರಿನಲ್ಲೇ ಕೈದಿಗಳಿಗೆ ವಿವರಿಸಬೇಕು, ಬಾ ಅಂತ ಕರೆಯಬೇಕು. ಎಷ್ಟೋ ಕೈದಿಗಳು ಟೆಂಟಿಗೆ ಬರಲೇ ಇಲ್ಲ. ಮನಸ್ಸು ಬದಲಿಸಿ ಹೋದವರು ಕೆಲವೇ ನೂರು ಜನ. ಚೀನಾ, ಉತ್ತರ ಕೊರಿಯಾದವರ ಕೈಗೆ ಸೆರೆ ಸಿಕ್ಕಿದ್ದ 21 ಅಮೆರಿಕನ್ ಸೈನಿಕರೂ ಕೊನೆಗೂ ವಾಪಸ್ ಹೋಗಲು ಒಪ್ಪಲಿಲ್ಲ. ಕ್ಯಾಂಪಿನೊಳಗೆ ಕೈದಿಗಳ ಮುಖಂಡರ ದಬ್ಬಾಳಿಕೆಯೂ ಇತ್ತು, ಅದು ಬೇರೆ ಕಥೆ. ನಾನು ಹೇಳೋದು, ನಂಬೋದು ಬಿಡೋದು ಕೇಳುವವನಿಗೆ ಬಿಟ್ಟದ್ದು. ನಂಬಲ್ಲ ಅಂತ ಗೊತ್ತಿದ್ದೇ ಪಕ್ಕದ ಮನೆಯವನ ದನಿಯಲ್ಲಿ ಹೇಳಿಸೋದು ಮನವೊಲಿಸೋದಲ್ಲ.

ವೈರಿ ಮಾಡ್ತಾನಲ್ಲ, ನಾವು ಮಾಡದಿದ್ದರೆ ಸೋಲ್ತೀವಿ ಅನ್ನೋ ವಾದಕ್ಕೆ ಜಾಸ್ತಿ ಹೇಳಲ್ಲ. ವೈರಿಯ ಸುಳ್ಳನ್ನು ಅವರ ಜನ ನಂಬಿದರು, ನಮ್ಮ ಸುಳ್ಳನ್ನು ನಮ್ಮ ಜನ ನಂಬಿದರು. ಯಾರೂ ಆ ಕಡೆಯವರನ್ನು ಒಪ್ಪಿಸಲಿಲ್ಲ.

ಆ ಸುಳ್ಳಿನ ರುಚಿ ಹತ್ತಿದವರು ಆಮೇಲೆ ಏನು ಮಾಡಿದರು ನೋಡಿ. 10ನೇ ತಾರೀಕು ಸಂಜೆ ಮಿಸ್ರಿ ಬಂದು, ಐದು ಗಂಟೆಯಿಂದ ಎರಡೂ ಕಡೆ ಗುಂಡು ನಿಲ್ಲಿಸಲು ಒಪ್ಪಂದ ಆಗಿದೆ ಅಂತ ಎಂದಿನ ಸಮಾಧಾನದಲ್ಲಿ ಹೇಳಿದರು. ಆ ಮನುಷ್ಯ ತೀರ್ಮಾನ ತಗೊಂಡವರಲ್ಲ, ಹೇಳಿದವರು ಅಷ್ಟೆ. ಕರಾಚಿ ಬಿತ್ತು, ಇನ್ನೇನು ಲಾಹೋರ್ ಅಂದುಕೊಂಡು ಕೂತವರಿಗೆ ಸಿಟ್ಟು ಬಂತು. ಮಿಸ್ರಿಯವರನ್ನು ಬೈದರು, ಅವರ ಮಗಳನ್ನೂ ಬಿಡಲಿಲ್ಲ. ಕೊನೆಗೆ ಮಿಸ್ರಿ ತಮ್ಮ ಎಕ್ಸ್ ಖಾತೆಗೆ ಬೀಗ ಹಾಕಿಕೊಳ್ಳಬೇಕಾಯಿತು. ಬೈದವರು ವೈರಿ ದೇಶದವರಲ್ಲ, ನಮ್ಮವರೇ. ಇಡೀ ವಾರದಲ್ಲಿ ನಮಗೆ ನೆಟ್ಟಗೆ ಮಾಹಿತಿ ಕೊಟ್ಟ ಮನುಷ್ಯನಿಗೆ ಸಿಕ್ಕಿದ ಸಂಬಳ ಇದು. ಕೊಡಗಿನ ಎರಡು ಪೇಜುಗಳಲ್ಲಿ ನಾನೇ ಆ ಬೈಗುಳ ನೋಡಿದ್ದೇನೆ, ಹೆಸರು ಬೇಡ.

ನಮ್ಮ ಪೇಜಿನ ಅಡ್ಮಿನ್‌ಗಳು ಕೂತು ಇಷ್ಟಕ್ಕೆ ಒಪ್ಪಿದ್ದೇವೆ. ಸರ್ಕಾರ, ಸೇನೆ, ಜಿಲ್ಲಾಡಳಿತದಿಂದ ಬಂದದ್ದು ಅವರ ಹೆಸರು, ಸಮಯ ಹಾಕಿಯೇ ಹೋಗುತ್ತದೆ. ಯಾರು ತೆಗೆದದ್ದು ಅಂತ ಗೊತ್ತಿಲ್ಲದ ಯುದ್ಧದ ವಿಡಿಯೋ ಹೋಗಲ್ಲ, ಎಷ್ಟು ಚೆಂದ ಇದ್ದರೂ. ಸೈನಿಕರ ಹೆಸರು, ಯೂನಿಟ್, ಇರುವ ಜಾಗ ಮನೆಯವರು ಹೇಳಿದರೂ ಹಾಕಲ್ಲ. ದುಡ್ಡು ಕೊಡುತ್ತೇವೆ ಅಂದವರ ಮೆಸೇಜನ್ನು ಸ್ಕ್ರೀನ್‌ಶಾಟ್ ತೆಗೆದು ಪೇಜಿನಲ್ಲೇ ಹಾಕುತ್ತೇವೆ. ಬೇರೆ ಪೇಜಿನವರೂ ಸೇರಿಕೊಳ್ಳುವುದಾದರೆ ಇನ್‌ಬಾಕ್ಸ್‌ಗೆ ಬನ್ನಿ. ಆಗಲ್ಲ ಅನ್ನುವವರು ಯಾಕೆ ಆಗಲ್ಲ ಅಂತ ಇಲ್ಲೇ ಕೆಳಗೆ ಬರೀರಿ, ನಿಮ್ಮ ಹೆಸರಲ್ಲೇ.